ಗೂಟವೂ ಬಳ್ಳಿಯೂ

ಉಂಗುರ ತಿರುಗಿಸಿ ನೋಡದೆ ಗೆರೆಯನ್ನು ನಂಬಬಾರದು.

ಹೊಳೆದಂಡೆಯಲ್ಲಿ ಗುರಿ ಕಲಿಸುವ ಆ ರೇಂಜಿನಲ್ಲಿ ನಿಯಮಗಳಿಗೇನೂ ಕೊರತೆಯಿರಲಿಲ್ಲ. ಕೋವಿಯ ಮೂತಿ ಆಚೆ ದಡದ ಕೆಮ್ಮಣ್ಣಿನ ದಿಬ್ಬ ಬಿಟ್ಟು ಬೇರೆಲ್ಲೂ ತಿರುಗಬಾರದು. ಹೇಳುವ ತನಕ ಗುಂಡು ತುಂಬಬಾರದು. ಉಸಿರು ನಿಲ್ಲದೆ ಬೆರಳು ಆಡಬಾರದು. ಇವನ್ನು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಎಲ್ಲರೂ ಮುರಿದದ್ದು ಉಂಗುರದ ನಿಯಮವೊಂದನ್ನೇ.

ಬಿದ್ದಪ್ಪ ಬಂದ ದಿನವೇ ಮುರಿದ. ದೇಚಮ್ಮ ಒಂದು ವಾರ ತಡೆದು ಮುರಿದಳು. ಕೋವಿಯನ್ನೇ ಮುಟ್ಟದ ಬೊಳ್ಳಮ್ಮನವರು ಅಡುಗೆಮನೆಯಲ್ಲಿ ನಿಂತು ಮುರಿದರು. ನಿಯಮ ಮಾಡಿದ ಕುಟ್ಟಯ್ಯನವರು ಹಬ್ಬದ ದಿನ ಎಲ್ಲರೆದುರಿಗೇ ಮುರಿದರು.

ಅಷ್ಟು ಸಣ್ಣ ನಿಯಮ, ಮುರಿದರೆ ಏನು ಮುಳುಗಿತು ಎನ್ನಬಹುದು. ಸಣ್ಣದೆಂದೇ ಎಲ್ಲರೂ ಮುರಿದದ್ದು.

ಕುಟ್ಟಯ್ಯನವರು ಪಲ್ಟನ್ನಿನಲ್ಲಿ ಸುಬೇದಾರರಾಗಿದ್ದವರು. ಅಲ್ಲಿ ಹುಡುಗರಿಗೆ ಗುರಿ ಕಲಿಸುತ್ತಿದ್ದರು. ಪಲ್ಟನ್ನಿನಲ್ಲಿ ಕಲಿಸುವವನಿಗೆ ಉಸ್ತಾದ್ ಎನ್ನುತ್ತಾರೆ. ನಿವೃತ್ತರಾಗಿ ಕೊಡಗಿನ ತಮ್ಮ ಮನೆಗೆ ಬಂದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಶಿಷ್ಯರೆಲ್ಲ ಅವರನ್ನು ಕರೆಯುತ್ತಿದ್ದದ್ದು ಉಸ್ತಾದ್ ಎಂದೇ. ಹೆಂಡತಿ ಬೊಳ್ಳಮ್ಮನವರು ಮಾತ್ರ, ಒಳ್ಳೆಯ ಮನಸ್ಸಿನಲ್ಲಿದ್ದಾಗ ಸುಬೇದಾರ್ರೇ ಎನ್ನುತ್ತಿದ್ದರು. ಇಲ್ಲದಾಗ ಏನೂ ಕರೆಯದೆ ನೇರ ವಿಷಯಕ್ಕೆ ಬರುತ್ತಿದ್ದರು.

ಮನೆಯ ಹಿಂದೆ ಹೊಳೆ. ಹೊಳೆಯ ಈಚೆ ದಂಡೆಯಲ್ಲಿ ಒಂದು ಚಾಪೆ. ಹೊಟ್ಟೆಯ ಮೇಲೆ ಮಲಗಿ ಗುರಿ ಹಿಡಿಯುವವರಿಗೆ ಹಾಸಿದ್ದು. ಪಾಠ ಹೇಳುವಾಗ ಆ ಚಾಪೆಯ ಮೇಲೆ ಕೂರುತ್ತಿದ್ದವರು ಉಸ್ತಾದರೊಬ್ಬರೇ. ಶಿಷ್ಯರು ಪಕ್ಕದ ಹುಲ್ಲಿನ ಮೇಲೆ.

ಕೋವಿಗಳು ಎರಡು. ಒಂದೇ ಕಾರ್ಖಾನೆಯವು, ಒಂದೇ ಅಳತೆಯವು, ಅವಳಿಗಳ ಹಾಗೆ. ಅವುಗಳ ಮೇಲಿನ ಸ್ಕೋಪುಗಳೂ, ಎಂದರೆ ಗುರಿ ನೋಡುವ ದುರ್ಬೀನುಗಳೂ, ಹೊರಗಿನಿಂದ ಒಂದೇ. ಅದೇ ಕಪ್ಪು ಕೊಳವೆ, ಅದೇ ಉದ್ದ, ನಡುವೆ ತಿರುಗಿಸುವ ಅದೇ ಉಂಗುರ. ಉಂಗುರ ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತಿತ್ತು. ಕಣ್ಣಿಟ್ಟರೆ ಒಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಉದ್ದಗೆರೆಯ ಮೇಲೆ ಅಳತೆಯ ಪುಟ್ಟ ಗೆರೆಗಳು.

ವ್ಯತ್ಯಾಸವೆಲ್ಲ ಆ ಗೆರೆಗಳಲ್ಲಿತ್ತು. ಒಂದರಲ್ಲಿ ಉಂಗುರ ತಿರುಗಿಸಿದರೆ ಆಚೆ ದಡ ಹಿಗ್ಗುತ್ತಿತ್ತು, ಗೆರೆಗಳು ಇದ್ದ ಹಾಗೇ ಇರುತ್ತಿದ್ದವು. ಇನ್ನೊಂದರಲ್ಲಿ ದಡ ಹಿಗ್ಗಿದಷ್ಟೂ ಗೆರೆಗಳೂ ಹಿಗ್ಗುತ್ತಿದ್ದವು. ಅಂಗಡಿಯವರು ಇದಕ್ಕೆ ಫಸ್ಟ್ ಫೋಕಲ್, ಸೆಕೆಂಡ್ ಫೋಕಲ್ ಎಂದು ಏನೇನೋ ಹೇಳುತ್ತಾರೆ. ಬಿದ್ದಪ್ಪನಿಗೆ ಅದು ನಾಲಿಗೆಗೆ ಒಗ್ಗಲಿಲ್ಲ. ಅಲ್ಲಾಡದ್ದಕ್ಕೆ ಅವನು ಗೂಟ ಎಂದು ಹೆಸರಿಟ್ಟ. ಬೆಳೆಯುವುದಕ್ಕೆ ಬಳ್ಳಿ ಎಂದ. ಹೆಸರು ಉಳಿಯಿತು.

ಹೊರಗಿನಿಂದ ಗುರುತಿಗೆಂದು ಗೂಟದ ಕೋವಿಗೆ ಚರ್ಮದ ಹೆಗಲಪಟ್ಟಿ, ಬಳ್ಳಿಯ ಕೋವಿಗೆ ಹಸಿರು ಬಟ್ಟೆಯ ಪಟ್ಟಿ.

ದೇಚಮ್ಮ ಬಂದ ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದವೂ ಇರಲಿಲ್ಲ. ಆಚೆ ದಡದಲ್ಲಿ ಸುಣ್ಣ ಬಳಿದ ಆಳೆತ್ತರದ ಕಂಬ. ಅದು ಎಷ್ಟು ಗೆರೆ ತುಂಬುತ್ತದೆಂದು ಎಣಿಸಿ ದೂರ ಹೇಳಬೇಕು. ಗೆರೆ ಹೆಚ್ಚು ತುಂಬಿದರೆ ಹತ್ತಿರ, ಕಡಿಮೆ ತುಂಬಿದರೆ ದೂರ. ಲೆಕ್ಕ ಅವಳಿಗೆ ಸಲೀಸು. ಗೂಟದಲ್ಲಿ ಕಣ್ಣಿಟ್ಟು ಎಣಿಸಿದಳು, ಮನಸ್ಸಿನಲ್ಲೇ ಭಾಗಿಸಿದಳು, ತಡಮಾಡದೆ ಉತ್ತರ ಹೇಳಿದಳು.

ಅವಳು ಹೇಳಿದ ದೂರಕ್ಕೆ ಆ ಕಂಬ ಗುಡ್ಡ ಹತ್ತಿ ಆಚೆ ಇಳಿದಿರಬೇಕಿತ್ತು.

ಕುಟ್ಟಯ್ಯನವರು ತಪ್ಪು ಎನ್ನಲಿಲ್ಲ. ಹೋಗಿ ಕಂಬ ಮುಟ್ಟಿ ಬಾ ಎಂದರು.

ದೇಚಮ್ಮ ಲಂಗ ಎತ್ತಿಕಟ್ಟಿ ಹೊಳೆಗಿಳಿದಳು. ನಡುವಿನ ಕಲ್ಲಿನ ಮೇಲೆ ಜಾರಿ ಸೊಂಟದ ತನಕ ನೆನೆದಳು. ಕಂಬ ಮುಟ್ಟಿ, ತಿರುಗಿ ಬಂದು, ನೀರು ತೊಟ್ಟಿಕ್ಕುತ್ತಾ ಅವರೆದುರು ನಿಂತಳು.

"ನೀನು ಹೇಳಿದಷ್ಟು ದೂರ ಹೋಗಿ ಬಂದಿದ್ರೆ, ಇಷ್ಟು ಹೊತ್ತಿಗೆ ಬಟ್ಟೆ ಒಣಗಿರ್ಬೇಕಿತ್ತು," ಎಂದರು ಕುಟ್ಟಯ್ಯನವರು.

ಹುಲ್ಲಿನ ಮೇಲೆ ಬಿದ್ದಪ್ಪ ಹೊಟ್ಟೆ ಹಿಡಿದು ಹೊರಳಾಡಿದ. ಅವನು ಬಂದ ದಿನ ಹೇಳಿದ ಲೆಕ್ಕಕ್ಕೆ ಕಂಬ ಮಡಿಕೇರಿ ತಲುಪಿತ್ತು. ಅದನ್ನು ಅವಳಿಗೆ ಹೇಳುವಷ್ಟು ಒಳ್ಳೆಯವನಾಗಿದ್ದ, ಆದರೆ ನಕ್ಕು ಮುಗಿದ ಮೇಲೆ.

ದೇಚಮ್ಮ ಮತ್ತೆ ಕಣ್ಣಿಟ್ಟಳು. ಉಂಗುರ ಅರ್ಧದಲ್ಲಿತ್ತು. ಪೂರ್ತಿ ತಿರುಗಿಸಿದಳು. ಕಂಬ ಎರಡರಷ್ಟಾಯಿತು, ಗೆರೆಗಳು ಮಾತ್ರ ಕದಲಲಿಲ್ಲ. ಎರಡು ಗೆರೆ ತುಂಬುತ್ತಿದ್ದ ಕಂಬ ಈಗ ನಾಲ್ಕು ತುಂಬಿತು. ಬಳ್ಳಿಗೆ ಕಣ್ಣಿಟ್ಟು ತಿರುಗಿಸಿದರೆ ಅರ್ಧದಲ್ಲೂ ನಾಲ್ಕು, ಪೂರ್ತಿಯಲ್ಲೂ ನಾಲ್ಕು.

ಅವಳಿಗೆ ಸಿಟ್ಟು ಬಂತು. ಗೂಟ ಸುಳ್ಳು ಹೇಳುತ್ತದೆ ಎಂದಳು.

"ನಿಂಗೆ ಯಾವುದು ಅಲ್ಲಾಡದ ಹಾಗೆ ಕಾಣ್ತು?"

"ಗೂಟ, ಉಸ್ತಾದ್."

"ಅಳತೆ ಬದಲಾಗಿದ್ದು ಯಾವುದರದ್ದು?"

ದೇಚಮ್ಮ ಉಂಗುರವನ್ನು ಇನ್ನೊಮ್ಮೆ ತಿರುಗಿಸಿದಳು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ಮರುದಿನ ಅವಳು ಮನೆಯಲ್ಲಿ ಯೋಚಿಸಿಟ್ಟುಕೊಂಡ ಮಾತು ತಂದಳು. ಗೂಟ ಸರಿ ಹೇಳುವುದು ಉಂಗುರ ಪೂರ್ತಿ ತಿರುಗಿಸಿದಾಗ ಮಾತ್ರ. ಬಳ್ಳಿ ಎಲ್ಲಿಟ್ಟರೂ ಸರಿ ಹೇಳುತ್ತದೆ. ಹಾಗಿದ್ದ ಮೇಲೆ ಗೂಟವನ್ನು ಇಟ್ಟುಕೊಂಡಿರುವುದು ಯಾಕೆ, ಬಿಸಾಡಬಾರದೇಕೆ?

ಬಿದ್ದಪ್ಪ ಅವಳ ಪರ ನಿಂತ. ತಾನಾಗಿ ಬೆಳೆಯುವ ಬಳ್ಳಿ ಇರುವಾಗ ಗೂಟ ಬೇಕಾಗಿರುವುದು ಹಸು ಕಟ್ಟುವವರಿಗೆ ಎಂದ.

ಕುಟ್ಟಯ್ಯನವರು ಗೂಟದ ಪರವಾಗಿ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ, ಸಾರಿಗೆ ಉಪ್ಪು ಎಷ್ಟು ಹಾಕುತ್ತಾರೆಂದು ಅವ್ವನನ್ನು ಕೇಳಿ ಬಾ ಎಂದು ದೇಚಮ್ಮನಿಗೆ ಹೇಳಿದರು.

ಬೊಳ್ಳಮ್ಮನವರು ಒಲೆಯ ಮುಂದಿದ್ದರು. ಉಪ್ಪು ಎಷ್ಟೆಂದು ಕೇಳಿದ್ದಕ್ಕೆ, ಮುಚ್ಚಿದ ಮುಷ್ಟಿ ಎತ್ತಿ ತೋರಿಸಿದರು. ಮದುವೆಯಾಗಿ ಬಂದಾಗಿನಿಂದ ಅವರ ಅಳತೆ ಅದೇ. ಯಾವ ಪಾತ್ರೆಗೆ ಎಂದು ದೇಚಮ್ಮ ಕೇಳಿದಳು. ಅಟ್ಟದ ಮೇಲಿನ ದೊಡ್ಡ ಪಾತ್ರೆಯತ್ತ ಅವರು ಗದ್ದ ಎತ್ತಿ ತೋರಿಸಿದರು. ಆ ಪಾತ್ರೆ ಕಂಠದ ತನಕ ತುಂಬಿದ್ದರೆ ಒಂದು ಮುಷ್ಟಿ. ಸಣ್ಣ ಪಾತ್ರೆಗೆ?

"ಸಣ್ಣದಕ್ಕೂ ಮುಷ್ಟಿ ಹಾಕಿದ್ರೆ ನಿಮ್ಮ ಉಸ್ತಾದ್ ಹೊಳೇನೆಲ್ಲ ಕುಡಿದುಬಿಡ್ತಾರೆ. ಮುಷ್ಟಿ ಅಷ್ಟೇ ಇರತ್ತೆ ಕೂಸೇ. ಪಾತ್ರೆ ನೋಡ್ಬೇಕು."

ದೇಚಮ್ಮ ನಿಧಾನಕ್ಕೆ ವಾಪಸಾದಳು.

"ಏನಂದ್ರು ಅವ್ವ?"

"ಮುಷ್ಟಿ ಸುಳ್ಳು ಹೇಳಲ್ಲ ಉಸ್ತಾದ್. ಒಂದೇ ಪಾತ್ರೆಗೆ ನಿಜ ಹೇಳತ್ತೆ."

ಕುಟ್ಟಯ್ಯನವರು ಜೇಬಿನಿಂದ ಒಂದು ಸೀಬೆಹಣ್ಣು ತೆಗೆದು ಅವಳಿಗೆ ಕೊಟ್ಟರು. ಅವರು ಶಿಷ್ಯರನ್ನು ಹೊಗಳುತ್ತಿದ್ದದ್ದು ಹಾಗೆ. ಬಿದ್ದಪ್ಪನಿಗೆ ಅದುವರೆಗೆ ಸಿಕ್ಕಿದ್ದದ್ದು ಒಂದೇ ಒಂದು, ಅದೂ ಕಾಯಿ.

ಅವನಿಗೂ ಪಾಠ ಬಂತು. ಬಳ್ಳಿಯನ್ನು ಅಷ್ಟು ಹೊಗಳುತ್ತೀಯಲ್ಲ, ಉಂಗುರವನ್ನು ತೀರಾ ಕೆಳಕ್ಕೆ ತಿರುಗಿಸು, ದಿಬ್ಬದ ಬುಡದ ಪೊದೆಯ ನೆರಳಲ್ಲಿ ಒಂದು ಡಬ್ಬಿಯಿದೆ, ಅದನ್ನು ಎರಡನೇ ಗೆರೆಯ ಮೇಲೆ ಕೂರಿಸು ಎಂದರು. ಬಿದ್ದಪ್ಪ ಕಣ್ಣಿಟ್ಟ. ಹುಬ್ಬು ಗಂಟಿಕ್ಕಿದ. ಕಣ್ಣು ಒರೆಸಿಕೊಂಡು ಮತ್ತೆ ಇಟ್ಟ. ದಡ ಕುಗ್ಗಿದಷ್ಟೂ ಗೆರೆಗಳೂ ಕುಗ್ಗಿ, ಜೇಡನ ನೂಲಿಗಿಂತ ಸಣ್ಣಗಾಗಿ, ಪೊದೆಯ ಕಡ್ಡಿಗಳಲ್ಲಿ ಕಡ್ಡಿಯಾಗಿ ಸೇರಿಹೋಗಿದ್ದವು.

"ಗೆರೆಗಳು ಎಲ್ಲಿ ಹೋದವು ಉಸ್ತಾದ್?"

"ಎಲ್ಲೂ ಹೋಗಿಲ್ಲ. ಅಳತೆಯೂ ಸರಿಯಾಗೇ ಇದೆ. ನಿಂಗೆ ಕಾಣ್ತಿಲ್ಲ, ಅಷ್ಟೆ."

ಗೂಟದಲ್ಲಿ ಅದೇ ಪೊದೆ ನೋಡಿದರೆ ಗೆರೆಗಳು ಇದ್ದಿಲಿನಲ್ಲಿ ಎಳೆದ ಹಾಗೆ ದಪ್ಪಗೆ ಕಂಡವು. ಅಳತೆ ತಪ್ಪು, ಕಾಣುವುದು ಚೆನ್ನ. ಬಿದ್ದಪ್ಪ ಎರಡು ಕೋವಿಗಳ ನಡುವೆ ಕೂತು ತಲೆ ಕೆರೆದುಕೊಂಡ. ಒಂದು ಕಂಡು ಮೋಸ ಮಾಡುತ್ತದೆ, ಇನ್ನೊಂದು ನಿಜವಾಗಿದ್ದು ಕಾಣಿಸುವುದಿಲ್ಲ, ಮನುಷ್ಯ ಯಾವುದನ್ನು ಮದುವೆಯಾಗಬೇಕು ಎಂದು ಕೇಳಿದ. ಒಳಗಿನಿಂದ ಬೊಳ್ಳಮ್ಮನವರು ನಿನ್ನನ್ನು ಎರಡೂ ಒಪ್ಪುವುದಿಲ್ಲ ಎಂದು ಕೂಗಿ ಹೇಳಿದರು.

ಒಂದೇ ಕೊಳವೆ, ಒಂದೇ ಗಾಜು, ಆದರೂ ಹೀಗೇಕೆ ಎಂಬುದು ದೇಚಮ್ಮನನ್ನು ಬಿಡಲಿಲ್ಲ. ಒಂದು ದಿನ ಕುಟ್ಟಯ್ಯನವರು ಬೆರಳಲ್ಲಿ ಮರಳಿನ ಮೇಲೆ ಕೊಳವೆಯ ಚಿತ್ರ ಬರೆದರು. ನಡುವೆ, ಹಿಗ್ಗಿಸುವ ಗಾಜು. ಆ ಗಾಜಿನ ಆಚೆ, ಲೋಕದ ಕಡೆಗೆ ಗೆರೆ ಎಳೆದಿದ್ದರೆ, ಲೋಕ ಹಿಗ್ಗುವಾಗ ಗೆರೆಯೂ ಹಿಗ್ಗುತ್ತದೆ. ಅದು ಬಳ್ಳಿ. ಗಾಜಿನ ಈಚೆ, ಕಣ್ಣಿನ ಹತ್ತಿರ ಎಳೆದಿದ್ದರೆ ಲೋಕ ಮಾತ್ರ ಹಿಗ್ಗುತ್ತದೆ, ಗೆರೆಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಅದು ಗೂಟ.

"ಹೊರಗಿನಿಂದ ನೋಡಿದ್ರೆ ಗೆರೆ ಎಲ್ಲಿದೆ ಅಂತ ಹೇಗೆ ಗೊತ್ತಾಗ್ಬೇಕು ಉಸ್ತಾದ್?"

ಅವರು ಮರಳಿನ ಚಿತ್ರವನ್ನು ಅಂಗೈಯಲ್ಲಿ ಒರೆಸಿಬಿಟ್ಟರು.

"ಗೊತ್ತಾಗಲ್ಲ," ಎಂದರು.

ಮಳೆಗಾಲದ ಕೊನೆಗೆ ಕುಟ್ಟಯ್ಯನವರ ಎಡಗಣ್ಣಿಗೆ ಪೊರೆ ಬಂತು. ಬಲಗಣ್ಣು ಇನ್ನೂ ಚುರುಕು. ಆದರೆ ಅದನ್ನು ನಂಬಿ ಇನ್ನೊಂದು ವರ್ಷ ಪಾಠ ಹೇಳುವುದು ಸರಿಯಲ್ಲವೆಂದು ಅವರೇ ತೀರ್ಮಾನಿಸಿದರು. ಹಬ್ಬದ ಮರುದಿನ ಹೊಸ ಮಕ್ಕಳು ಸೇರುತ್ತಾರೆ, ಅವರಿಗೆ ಚಾಪೆಯ ಮೇಲೆ ಕೂತು ಹೇಳಿಕೊಡುವವರು ಬೇರೆ ಎಂದರು. ಚಾಪೆ ಯಾರದೆಂಬುದು ಕೈಲ್ ಮುಹೂರ್ತದ ದಿನ ಗೊತ್ತಾಗುತ್ತದೆ. ಚಾಪೆ ಸಿಗದವರ ಕಲಿಕೆ ಮುಗಿದಂತೆ, ಅವರು ಸಂತೋಷವಾಗಿ ತಮ್ಮ ತಮ್ಮ ಮನೆಗೆ ಹೋಗಬಹುದು.

ಕೈಲ್ ಮುಹೂರ್ತ ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ. ಪೂಜೆ, ಊಟ, ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು. ಈ ದಂಡೆಯಲ್ಲಿ ಕಾಯಿ ತೂಗುವುದು ಹೊಳೆಯ ಆಚೆ, ದಿಬ್ಬದ ಮುಂದೆ. ಒಬ್ಬರಿಗೆ ಒಂದೇ ಗುಂಡು. ಜೊತೆಗೆ ಹಬ್ಬಕ್ಕೆಂದೇ ಒಂದು ಕಟ್ಟಳೆ: ಬೆರಳು ಟ್ರಿಗರಿನ ಮೇಲೆ ಹೋದ ಮೇಲೆ, ಹೊಡೆಯದೆ ಹೊರಗೆ ಬಂದರೆ ಆ ಸರದಿ ಮುಗಿಯಿತು. ಇದಿಲ್ಲದಿದ್ದರೆ ಜನ ಕತ್ತಲಾಗುವ ತನಕ ಗುರಿ ಹಿಡಿದೇ ಮಲಗಿರುತ್ತಾರೆ.

ಕಾಯಿ ಒಡೆದವರಿಗೆ ಚಾಪೆ ಎಂದು ಬಿದ್ದಪ್ಪನಿಗೂ ಅರ್ಥವಾಯಿತು, ದೇಚಮ್ಮನಿಗೂ ಅರ್ಥವಾಯಿತು.

ಬಿದ್ದಪ್ಪನಿಗೆ ಚಾಪೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಅಣ್ಣನ ಗ್ಯಾರೇಜಿದೆ. ದೇಚಮ್ಮನ ಮಾತು ಹಾಗಲ್ಲ. ಹೊಡೆಯುವುದಕ್ಕಿಂತ ಹೇಳಿಕೊಡುವುದು ಅವಳಿಗಿಷ್ಟ. ಉಸಿರು ಹೇಗೆ ಬಿಡಬೇಕೆಂದು ಅವಳು ಆಗಲೇ ತನ್ನ ತಾಯಿಗೂ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕಲಿಸಿಯಾಗಿತ್ತು. ಈ ಸಲ ಚಾಪೆ ನನ್ನದೇ ಎಂದು ಮನೆಯಲ್ಲಿ ಒಮ್ಮೆ ಅಂದಿದ್ದಳು. ತಾಯಿ ಅದನ್ನು ಬೀದಿಗೆಲ್ಲ ಹಂಚಿದ್ದರು. ಚಾಪೆ ಸಿಗದಿದ್ದರೆ ಆ ಬೀದಿಯಲ್ಲಿ ನಡೆಯುವುದನ್ನು ಹೇಗೋ ಸಹಿಸಬಹುದು. ಈ ದಂಡೆಗೆ ಮತ್ತೆ ಬರುವ ಕಾರಣವೇ ಇಲ್ಲವಾಗುವುದನ್ನು ಸಹಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಹಬ್ಬದ ಬೆಳಿಗ್ಗೆ ಕುಟ್ಟಯ್ಯನವರು ಎರಡೂ ಕೋವಿಗಳ ಪಟ್ಟಿ ಬಿಚ್ಚಿ, ಕೋವಿಗಳಿಗೆ ಎಣ್ಣೆ ಒರೆಸಿದರು. ಚರ್ಮದ ಪಟ್ಟಿಗೂ ಒಂದಿಷ್ಟು ಬಳಿದರು. ಅಷ್ಟರಲ್ಲಿ ಬೊಳ್ಳಮ್ಮನವರು ಬಾಗಿಲಲ್ಲಿ ನಿಂತು, ಬರುತ್ತೇವೆಂದಿದ್ದ ನೆಂಟರು ಬರುವುದಿಲ್ಲವೆಂದು ಫೋನು ಮಾಡಿದ್ದಾರೆ, ಇವರನ್ನು ನಂಬಿ ನಾನು ಒಲೆ ಹಚ್ಚಿದ್ದೆ ಎಂದು ಶುರು ಮಾಡಿದರು. ನೆಂಟರು ಗಂಡನ ಕಡೆಯವರಾದ್ದರಿಂದ ಮಾತು ಬೇಗ ಮುಗಿಯಲಿಲ್ಲ. ಹೂಂ ಹೂಂ ಎನ್ನುತ್ತಾ ಕುಟ್ಟಯ್ಯನವರು ಪಟ್ಟಿಗಳನ್ನು ತಿರುಗಿ ಕಟ್ಟಿದರು. ಮೂತಿಗೆ, ಈ ಹಬ್ಬಕ್ಕೆಂದೇ ಕಾಡಿನಿಂದ ತರುವ ಕೋವಿಹೂ ಸಿಕ್ಕಿಸಿ, ದೀಪದ ಮುಂದೆ ಎರಡನ್ನೂ ನಿಲ್ಲಿಸಿದರು.

ಪೂಜೆಯಾಯಿತು. ಎಲೆ ಹಾಕಿದರು. ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು.

ಮೊದಲ ತುತ್ತಿಗೇ ಬಿದ್ದಪ್ಪನ ಕಣ್ಣು ಅಗಲವಾಯಿತು. ದೇಚಮ್ಮ ತಲೆ ತಗ್ಗಿಸಿ ಕಡಂಬುಟ್ಟನ್ನೇ ತಿಂದಳು. ನೆಂಟರಿಲ್ಲದೆ ಸಾರು ಅರ್ಧ ಪಾತ್ರೆ, ಮುಷ್ಟಿ ಮಾತ್ರ ಪೂರ್ತಿ. ಕುಟ್ಟಯ್ಯನವರು ಎಲೆಯಲ್ಲಿ ಒಂದು ಹನಿಯೂ ಬಿಡದೆ ಉಂಡರು. ಎರಡು ಚೊಂಬು ನೀರು ಕುಡಿದರು. ಸಾರು ಚೆನ್ನಾಗಿದೆ ಎಂದರು. ಬೊಳ್ಳಮ್ಮನವರು ಆಮೇಲೆ ತಾವು ಉಣ್ಣಲು ಕೂತು, ಒಂದು ತುತ್ತು ಬಾಯಿಗಿಟ್ಟು, ಗಂಡನನ್ನು ಬಹಳ ಹೊತ್ತು ನೋಡಿದರು.

ಎಲ್ಲರೂ ಹೊಳೆದಂಡೆಗೆ ಬಂದರು. ಹೊಳೆ ತುಂಬಿ ಹರಿಯುತ್ತಿತ್ತು. ಬಿದ್ದಪ್ಪ ಬೆಳಿಗ್ಗೆಯೇ ಸೇತುವೆ ಸುತ್ತಿ ಹೋಗಿ ಆಚೆ ಕಾಯಿ ಕಟ್ಟಿ ಬಂದಿದ್ದ. ಗಾಳಿಯಿಲ್ಲ, ಬಿಸಿಲು ಹದವಾಗಿತ್ತು. ಅಷ್ಟು ದೂರಕ್ಕೆ ಎರಡನೇ ಗೆರೆ ಎಂಬುದು ಎಲ್ಲರಿಗೂ ಬಾಯಿಪಾಠ. ಕಾಯಿಯನ್ನು ಎರಡನೇ ಗೆರೆಯ ಮೇಲೆ ಕೂರಿಸಿದರೆ, ದಾರಿಯಲ್ಲಿ ಗುಂಡು ಬಾಗುವಷ್ಟು ಬಾಗಿ ಸರಿಯಾಗಿ ಬಂದು ತಾಗುತ್ತದೆ.

ಮೊದಲ ಗುಂಡು ಉಸ್ತಾದರದ್ದು. ಅವರು ಹಸಿರು ಪಟ್ಟಿಯ ಕೋವಿ ಎತ್ತಿಕೊಂಡರು. ಚಾಪೆಯ ಮೇಲೆ ಮಲಗಿದರು. ಉಂಗುರ ಅರ್ಧದಲ್ಲಿತ್ತು. ಪೂರ್ತಿ ತಿರುಗಿಸಿದರೆ ಎದೆಬಡಿತವೆಲ್ಲ ಕಾಯಿಯ ಮೇಲೆ ಕುಣಿಯುತ್ತದೆಂದು ಅವರು ಇಡುತ್ತಿದ್ದದ್ದೇ ಅರ್ಧದಲ್ಲಿ. ಬಳ್ಳಿಗೆ ಎಲ್ಲಿಟ್ಟರೂ ಒಂದೇ.

ಗುಂಡು ಹಾರಿತು. ಕಾಯಿಯಿಂದ ಒಂದು ಮೊಳ ಮೇಲೆ ದಿಬ್ಬದ ಮಣ್ಣು ಪುಡಿಯಾಗಿ ಉದುರಿತು.

ಉಸ್ತಾದರ ಗುಂಡು ತಪ್ಪಿದ್ದನ್ನು ಆ ದಂಡೆಯಲ್ಲಿ ನೋಡಿದವರಿಲ್ಲ.

"ಸುಬೇದಾರ್ರೇ, ಉಪ್ಪು ಜಾಸ್ತಿಯಾಯ್ತಾ?" ಎಂದರು ಬೊಳ್ಳಮ್ಮನವರು.

ಕುಟ್ಟಯ್ಯನವರು ಎದ್ದು ಮೊಣಕೈ ಮಣ್ಣು ಕೊಡವಿಕೊಂಡರು. ಕಣ್ಣು ಕೈಕೊಟ್ಟಿತು ಎಂದುಕೊಂಡರೋ ಏನೋ, ಚಾಪೆ ಬಿಟ್ಟು ಪಕ್ಕಕ್ಕೆ ಸರಿದರು.

ಬಿದ್ದಪ್ಪನೂ ಅದೇ ಕೋವಿ ಹಿಡಿದ. ಅವನಿಗೆ ಬಳ್ಳಿ ಬಿಟ್ಟು ಬೇರೆ ದೇವರಿಲ್ಲ. ಉಂಗುರ ಇದ್ದಲ್ಲೇ ಇತ್ತು. ಎರಡನೇ ಗೆರೆ, ಉಸಿರು, ಬೆರಳು. ಕಾಯಿಯಿಂದ ಒಂದು ಮೊಳ ಮೇಲೆ, ಮೊದಲ ಗುಂಡಿನ ಪಕ್ಕದಲ್ಲೇ ಮಣ್ಣು ಉದುರಿತು.

ಉಸ್ತಾದರ ಸರಿಸಮಕ್ಕೆ ಹೊಡೆದೆ, ಇದನ್ನು ಯಾರೂ ಇಲ್ಲವೆನ್ನುವ ಹಾಗಿಲ್ಲ ಎಂದು ನಕ್ಕು ಅವನು ಎದ್ದ. ನಗು ಸ್ವಲ್ಪ ಒಣಗಿತ್ತು.

ದೇಚಮ್ಮ ಮಲಗಿದಳು. ಅದೇ ಕೋವಿ ಭುಜಕ್ಕೆ ತಾಗಿತು. ಕಾಯಿ ಎರಡನೇ ಗೆರೆಯ ಮೇಲೆ ಬಂದು ನಿಂತಿತು.

ಬಿದ್ದಪ್ಪ ಅವಳ ಪಕ್ಕ ಮೊಣಕಾಲೂರಿ ಕೂತ. ಅವಳು ಗೆದ್ದರೆ ಅವನು ಗ್ಯಾರೇಜಿಗೆ ಹೋಗಬೇಕು. ಆದರೂ ಸುಮ್ಮನಿರಲು ಅವನಿಂದಾಗಲಿಲ್ಲ.

"ದೇಚು, ಎರಡೂ ಗುಂಡು ಒಂದೇ ಕಡೆ ಹೋಗಿವೆ. ಕೋವಿ ಇವತ್ತು ಮೇಲಕ್ಕೆ ಹೊಡೀತಿದೆ. ಒಂದನೇ ಗೆರೆ ಹಿಡಿ. ಕಾಯಿ ನಿಂದೇ."

ಹೌದಲ್ಲ ಎನಿಸಿತು ಅವಳಿಗೆ. ಒಂದನೇ ಗೆರೆಯ ಮೇಲೆ ಕಾಯಿಯನ್ನು ಕೂರಿಸಿದಳು. ಬೆರಳನ್ನು ಟ್ರಿಗರಿನ ಮೇಲಿಟ್ಟಳು. ಉಸಿರು ಬಿಟ್ಟಳು, ನಿಲ್ಲಿಸಿದಳು. ಕಾಯಿ ಒಡೆಯುತ್ತದೆಂದು ಅವಳಿಗೆ ಗೊತ್ತಾಯಿತು. ಗುಂಡು ಹಾರುವ ಮೊದಲೇ ಕೆಲವೊಮ್ಮೆ ಹಾಗೆ ಗೊತ್ತಾಗುತ್ತದೆ, ಮೈಯೆಲ್ಲ ಹಗುರಾಗುತ್ತದೆ.

ನಾಳೆ ಈ ಚಾಪೆಯ ಮೇಲೆ ತಾನು ಕೂತಿರುತ್ತೇನೆ. ಹುಲ್ಲಿನ ಮೇಲಿಂದ ಒಂದು ಮಗು ಕೇಳುತ್ತದೆ: ಎರಡನೇ ಗೆರೆ ಅಂತ ಹೇಳಿಕೊಡ್ತೀರಲ್ಲ, ನಿನ್ನೆ ಒಂದನೇದು ಯಾಕೆ ಹಿಡಿದ್ರಿ?

ಕೋವಿ ನಿನ್ನೆ ಹಾಗಿತ್ತು, ಎನ್ನಬೇಕು.

ಅವಳು ಆ ಉತ್ತರವನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. ಬಾಯಿಗೆ ರುಚಿಸಲಿಲ್ಲ.

ಬೆರಳು ಹೊರಗೆ ಬಂತು.

ಬಿದ್ದಪ್ಪ ಹಾ ಎಂದ. ಬೊಳ್ಳಮ್ಮನವರು ಕೈ ತಲೆಯ ಮೇಲಿಟ್ಟುಕೊಂಡರು. ದೇಚಮ್ಮ ಅದಾವುದನ್ನೂ ಕೇಳಿಸಿಕೊಳ್ಳದೆ, ಕಣ್ಣು ಸ್ಕೋಪಿನಲ್ಲೇ ಇಟ್ಟು, ಎಡಗೈ ಚಾಚಿ ಉಂಗುರ ಹಿಡಿದು ಪೂರ್ತಿ ತಿರುಗಿಸಿದಳು.

ಕಾಯಿ ದೊಡ್ಡದಾಯಿತು. ಗೆರೆಗಳು ಕದಲಲಿಲ್ಲ.

ಮಲಗಿದ್ದಲ್ಲೇ ಅವಳ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೆಂದು ಬಿದ್ದಪ್ಪ ಸಮಾಧಾನಕ್ಕೆ ಬಗ್ಗಿದ. ಅವಳು ನಗುತ್ತಿದ್ದಳು.

"ಸರದಿ ಮುಗೀತು ದೇಚಮ್ಮ," ಎಂದರು ಕುಟ್ಟಯ್ಯನವರು.

"ಮುಗೀತು ಉಸ್ತಾದ್."

ಅವಳು ಗುಂಡನ್ನು ಹೊರಗೆ ತೆಗೆದು ಅವರ ಅಂಗೈಯಲ್ಲಿಟ್ಟಳು. ಎದ್ದು ಜಾಗ ಬಿಟ್ಟಳು. ಯಾಕೆ ಹೊಡೆಯಲಿಲ್ಲವೆಂದು ಅವರು ಕೇಳಿದರು. ಅವಳು ಕೋವಿಯತ್ತ ಕೈ ತೋರಿದಳು.

ಕುಟ್ಟಯ್ಯನವರು ಮಲಗಿ ಕಣ್ಣಿಟ್ಟರು. ಉಂಗುರವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಮತ್ತೆ ಅತ್ತ. ಹಸಿರು ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದರು.

"ಗೂಟ," ಎಂದರು. ಪಟ್ಟಿಯಿಂದ ಕೈ ತೆಗೆದು, "ಪಟ್ಟಿ ಕಟ್ಟಿದ್ದು ನಾನು," ಎಂದರು.

ಆಮೇಲೆ ಅವರು ನಕ್ಕದ್ದು ಸೇತುವೆಯ ತನಕ ಕೇಳಿಸಿರಬೇಕು. ಚಾಪೆಯ ಮೇಲೆ ಅಂಗಾತ ಹೊರಳಿ, ಆಕಾಶ ನೋಡುತ್ತಾ, ಪೊರೆ ಬಂದ ಕಣ್ಣಿನಲ್ಲೂ ನೀರು ಬರುವ ತನಕ ನಕ್ಕರು. ಬಿದ್ದಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹುಲ್ಲಿನ ಮೇಲೆ ಬಿದ್ದು ಅವರಿಗಿಂತ ಹೆಚ್ಚು ನಕ್ಕ. ಇಷ್ಟು ದಿನ ತಾನು ಬೈದ ಗೂಟವನ್ನೇ ತಬ್ಬಿಕೊಂಡು, ಬಳ್ಳಿ ಎಂದು ಮುದ್ದು ಮಾಡಿ ಹೊಡೆದಿದ್ದನಲ್ಲ.

ಇನ್ನು ಮೇಲೆ ಬೆಳಗಿನ ಸಾರಿನ ವಿಷಯ ಈ ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ ಎಂದರು ಬೊಳ್ಳಮ್ಮನವರು.

ನಗು ಇಳಿಯಿತು. ಆಚೆ ದಡದಲ್ಲಿ ಕಾಯಿ ಇನ್ನೂ ತೂಗುತ್ತಿತ್ತು. ಸರದಿಗಳೆಲ್ಲ ಮುಗಿದಿದ್ದವು.

ದೇಚಮ್ಮ ಹುಲ್ಲಿನ ಮೇಲಿನ ತನ್ನ ಚೀಲ ಎತ್ತಿಕೊಂಡಳು. ಮನೆಗೆ ಹೋಗುವ ದಾರಿ ಅವಳಿಗೆ ಇದ್ದಕ್ಕಿದ್ದಂತೆ ಬಹಳ ಉದ್ದವಾಗಿ ಕಂಡಿತು.

ಹಾಗಾದರೆ ಚಾಪೆ ಯಾರಿಗೂ ಇಲ್ಲವೇ, ಕಾಯಿ ಒಡೆದವರಿಗೆ ಕೊಡುತ್ತೇನೆಂದು ಹೇಳಿದ್ದರಲ್ಲ ಎಂದು ಬಿದ್ದಪ್ಪ ಕೇಳಿದ.

"ಹಾಗಂತ ನಾನು ಯಾವಾಗ ಹೇಳಿದೆ?"

ಬಿದ್ದಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಬಹಳ ಹೊತ್ತು ನೋಡಿದ. ಸಿಗಲಿಲ್ಲ.

ಕುಟ್ಟಯ್ಯನವರು ಚಾಪೆಯಿಂದ ಎದ್ದರು. ಹುಲ್ಲಿನ ಕಡೆಗೆ ನಡೆದು ಬಂದು, ಶಿಷ್ಯರು ಕೂರುವ ಜಾಗದಲ್ಲಿ, ಬಿದ್ದಪ್ಪನನ್ನು ಸ್ವಲ್ಪ ಸರಿಯಲು ಹೇಳಿ, ಅವನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. ಚಾಪೆ ಖಾಲಿಯಾಯಿತು.

"ಉಸ್ತಾದ್," ಎಂದರು ಅವರು, "ನಾಳೆ ಮಕ್ಕಳು ಬರ್ತಾರೆ. ಪಟ್ಟಿಗಳನ್ನ ಸರಿಯಾಗಿ ಬದಲಾಯಿಸಿಬಿಡಿ. ಯಾವುದು ಯಾವುದು ಅಂತ ಅವಕ್ಕೆ ಗೊತ್ತಾಗ್ಬೇಕಲ್ಲ."

ಯಾರನ್ನು ಕರೆದರೆಂದು ದೇಚಮ್ಮ ಹಿಂತಿರುಗಿ ನೋಡಿದಳು. ಹಿಂದೆ ಹೊಳೆ ಬಿಟ್ಟು ಯಾರೂ ಇರಲಿಲ್ಲ.

ಚೀಲ ಕೈಯಿಂದ ಜಾರಿತು.

ಅವಳು ಬಂದು ಚಾಪೆಯ ಮೇಲೆ ಮೊಣಕಾಲೂರಿದಳು. ಹಸಿರು ಪಟ್ಟಿ ಬಿಚ್ಚಿದಳು. ಇನ್ನೊಂದು ಕೋವಿಯನ್ನು ತಂದು ಚರ್ಮದ ಪಟ್ಟಿಯನ್ನೂ ಬಿಚ್ಚಿದಳು. ಎರಡನ್ನೂ ಕೈಯಲ್ಲಿ ಹಿಡಿದು ಒಂದು ಕ್ಷಣ ತೂಗಿ ನೋಡಿದಳು.

"ಇಲ್ಲ," ಎಂದಳು. "ಬದಲಾಯಿಸಲ್ಲ."

ಎರಡೂ ಪಟ್ಟಿಗಳನ್ನು ಸುತ್ತಿ ಬೊಳ್ಳಮ್ಮನವರ ಕೈಗಿತ್ತಳು, ಸೌದೆ ಹೊರೆ ಕಟ್ಟುವುದಕ್ಕಾಗುತ್ತದೆ ಎಂದಳು. ಬರಿಯ ಕೋವಿಗಳೆರಡನ್ನೂ ದಿಬ್ಬದ ಕಡೆಗೆ ಮೂತಿ ಮಾಡಿ ಚಾಪೆಯ ಮೇಲೆ ಜೊತೆಯಾಗಿಟ್ಟು, ಅವುಗಳ ಹಿಂದೆ ನೆಟ್ಟಗೆ ಕೂತಳು.

ಬಿದ್ದಪ್ಪ ಕತ್ತು ಚಾಚಿ ಆ ಕೋವಿ ನೋಡಿದ, ಈ ಕೋವಿ ನೋಡಿದ. ಅದೇ ಕಪ್ಪು ಕೊಳವೆ, ಅದೇ ಉದ್ದ. ಪಕ್ಕದಲ್ಲಿ ಕುಟ್ಟಯ್ಯನವರೂ ಕತ್ತು ಚಾಚಿದ್ದರು.

"ಇದ್ರಲ್ಲಿ ಗೂಟ ಯಾವುದು, ಬಳ್ಳಿ ಯಾವುದು?" ಎಂದ ಬಿದ್ದಪ್ಪ.

"ತಿರುಗಿಸಿ ನೋಡು, ಬಿದ್ದಣ್ಣ."